ಖನಿಜ ವಿಕಾಸ: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಶಿಲೆಗಳಲ್ಲಿ ಖನಿಜ ಮತ್ತು ಜೀವದ ಕಥೆ

ಖನಿಜ ವಿಕಾಸ: ಗ್ರಹವೊಂದು ಹುಟ್ಟಿ ಬೆಳೆಯುತ್ತ ಹೋದಂತೆ ಅದರ ಮೈಮೇಲಿನ ಮತ್ತು ಮೇಲ್ಪದರದ ಖನಿಜಗಳ ಸಂಖ್ಯೆ, ಬಗೆ, ಹಂಚಿಕೆಗಳು ಕಾಲಕ್ರಮದಲ್ಲಿ ಬದಲಾಗುವ ಪ್ರಕ್ರಿಯೆ. ಇದನ್ನು ಪ್ರತ್ಯೇಕ ಅಧ್ಯಯನ ಕ್ಷೇತ್ರವಾಗಿ ರೂಪಿಸಿದವರು ಅಮೆರಿಕದ ಖನಿಜವಿಜ್ಞಾನಿ ರಾಬರ್ಟ್ ಹೇಜನ್ ಮತ್ತು ಏಳು ಮಂದಿ ಸಹಲೇಖಕರು. ಅವರ ಪ್ರಬಂಧ 2008ರಲ್ಲಿ 'ಅಮೆರಿಕನ್ ಮಿನರಾಲಜಿಸ್ಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದುವರೆಗೆ ಖನಿಜಗಳನ್ನು ರಾಸಾಯನಿಕ ಸೂತ್ರ, ಹರಳಿನ ರಚನೆ, ಗಡಸುತನ, ಬಣ್ಣಗಳಿಂದ ವಿಂಗಡಿಸುತ್ತಿದ್ದರು. ಈ ಖನಿಜ ಭೂಮಿಯ ಮೇಲೆ ಮೊದಲು ಕಾಣಿಸಿಕೊಂಡದ್ದು ಯಾವಾಗ, ಅದಕ್ಕೂ ಮೊದಲು ಏಕೆ ಇರಲಿಲ್ಲ ಎಂಬ ಪ್ರಶ್ನೆಯನ್ನು ಹೇಜನ್ ತಂಡ ಮುಂದಿಟ್ಟಿತು. ಉತ್ತರ ಹುಡುಕುತ್ತ ಹೋದಾಗ ಖನಿಜಗಳ ಇತಿಹಾಸವನ್ನು ಜೀವದ ಇತಿಹಾಸದಿಂದ ಬಿಡಿಸಿ ಬರೆಯಲಾಗದು ಎಂಬುದು ಸ್ಪಷ್ಟವಾಯಿತು.

ಈ ಇತಿಹಾಸದ ಹಳೆಯ ಅಧ್ಯಾಯಗಳು ಉಳಿದಿರುವ ನೆಲ ಜಗತ್ತಿನಲ್ಲಿ ಹೆಚ್ಚಿಲ್ಲ. ದಕ್ಷಿಣ ಆಫ್ರಿಕದ ಬಾರ್ಬರ್ಟನ್, ಪಶ್ಚಿಮ ಆಸ್ಟ್ರೇಲಿಯದ ಪಿಲ್ಬಾರ, ಗ್ರೀನ್‌ಲ್ಯಾಂಡ್, ಕೆನಡಗಳ ಜೊತೆಗೆ ಎಣಿಸಬೇಕಾದ ನೆಲ ಕರ್ನಾಟಕದ ಧಾರವಾಡ ಶಿಲಾಫಲಕ. ಅದರ ಪಶ್ಚಿಮ ಭಾಗದಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನು ನಡುವಿಟ್ಟುಕೊಂಡು ಸುತ್ತಲ ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳವರೆಗೆ ಕಣ್ಣುಹಾಯಿಸಿದರೆ, ಖನಿಜ ವಿಕಾಸದ ಮುಖ್ಯ ಹಂತಗಳಲ್ಲಿ ಹಲವಕ್ಕೆ ಕಲ್ಲಿನ ಸಾಕ್ಷಿ ಸಿಗುತ್ತದೆ. ಹೊಯ್ಸಳ ಶಿಲ್ಪಿಗಳು ಉಳಿಯಿಟ್ಟ ಬಳಪದ ಕಲ್ಲು ಈ ಸಾಕ್ಷಿಗಳಲ್ಲಿ ಒಂದು.

ಹಂತಗಳು

ಸೌರವ್ಯೂಹಕ್ಕೂ ಮೊದಲು, ಸಾಯುತ್ತಿದ್ದ ನಕ್ಷತ್ರಗಳು ಹೊರಚೆಲ್ಲಿದ ಅನಿಲ ತಣಿದಾಗ ಮೊದಲ ಹರಳುಗಳು ಮೂಡಿದವು. ಇವು ಸುಮಾರು ಹನ್ನೆರಡು ಬಗೆಯವು: ವಜ್ರ, ಗ್ರಾಫೈಟ್, ಸಿಲಿಕಾನ್ ಕಾರ್ಬೈಡ್, ಕೊರಂಡಂ, ಸ್ಪಿನೆಲ್, ಆಲಿವೀನ್ ಜಾತಿಯ ಫಾರ್ಸ್ಟರೈಟ್ ಮೊದಲಾದವು. ಹೇಜನ್ ಇವನ್ನು ಆದಿಖನಿಜಗಳೆಂದು ಕರೆದರು. ಉಲ್ಕಾಶಿಲೆಗಳೊಳಗೆ ಸಿಕ್ಕಿಕೊಂಡ ಸೂಕ್ಷ್ಮ ಕಣಗಳಾಗಿ ಇವು ಇಂದಿಗೂ ಪ್ರಯೋಗಾಲಯಗಳಿಗೆ ಸಿಗುತ್ತವೆ.

ಸುಮಾರು 456.7 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತಲ ದೂಳು ಬಿಸಿಗೆ ಕರಗಿ ಮತ್ತೆ ಗಟ್ಟಿಯಾಗಿ ಕಾಂಡ್ರೈಟ್ ಎಂಬ ಉಲ್ಕಾಶಿಲೆಗಳಾಯಿತು. ಖನಿಜಗಳ ಸಂಖ್ಯೆ ಸುಮಾರು 60ಕ್ಕೇರಿತು. 1969ರಲ್ಲಿ ಮೆಕ್ಸಿಕೊದ ಅಯೆಂದೆಯಲ್ಲಿ ಬಿದ್ದ ಉಲ್ಕೆ ಈ ಕಾಲದ ಪ್ರಸಿದ್ಧ ಮಾದರಿ. ಇಂಥ ಚೂರುಗಳು ಗುಡ್ಡೆಗಟ್ಟಿ ಕಿರುಗ್ರಹಗಳಾದಾಗ ಒಳಗಿನ ಶಾಖ, ನೀರು, ಡಿಕ್ಕಿಯ ಒತ್ತಡಗಳಿಂದ ಸಂಖ್ಯೆ 250ರ ಹತ್ತಿರ ಬಂತು. ಜೇಡಿಮಣ್ಣಿನ ಖನಿಜಗಳು ಮೊದಲು ಕಾಣಿಸಿಕೊಂಡದ್ದು ಇಲ್ಲಿ.

ಗ್ರಹದ ಮೈಮೇಲೆ ಶಿಲಾಪಾಕ ಉಕ್ಕುವುದು, ಹರಳುಗಟ್ಟುವುದು, ಮತ್ತೆ ಕರಗುವುದು ನಡೆದಾಗ ನೀರಿಲ್ಲದ ಸಣ್ಣ ಗ್ರಹದಲ್ಲಿ 350ರಷ್ಟು, ನೀರಿದ್ದಲ್ಲಿ 500ರಷ್ಟು ಖನಿಜಗಳಾಗುತ್ತವೆ. ಅಲ್ಲಿಂದ ಮುಂದೆ ಗ್ರಾನೈಟ್ ಹುಟ್ಟಬೇಕಾದರೆ ಗ್ರಹಕ್ಕೆ ಸಾಕಷ್ಟು ಒಳಶಾಖ ಬೇಕು, ಒಮ್ಮೆ ಗಟ್ಟಿಯಾದ ಶಿಲೆ ಮತ್ತೆ ಮತ್ತೆ ಕರಗಬೇಕು. ಗ್ರಾನೈಟ್ ಬಂದಾಗ ಸಂಖ್ಯೆ ಸುಮಾರು 1,000. ಭೂಫಲಕಗಳ ಚಲನೆ ಮೊದಲಾಗಿ ಸಾಗರತಳ ಆಳಕ್ಕಿಳಿದು ಮರಳಿ ಮೇಲೇಳತೊಡಗಿದಾಗ ಸುಮಾರು 1,500. ನಿರ್ಜೀವ ಗ್ರಹವೊಂದು ಈ ಮಟ್ಟದ ಆಸುಪಾಸಿನಲ್ಲಿ ನಿಲ್ಲುತ್ತದೆ ಎಂಬುದು ಹೇಜನ್ ತಂಡದ ಅಂದಾಜು. ಭೂಮಿಯಲ್ಲಿ ಅಧಿಕೃತವಾಗಿ ಗುರುತಿಸಿದ ಖನಿಜಗಳ ಸಂಖ್ಯೆ ಇಂದು 6,000 ದಾಟಿದೆ. ಈ ಏರಿಕೆಯ ದೊಡ್ಡ ಪಾಲಿಗೆ ಕಾರಣ ಜೀವಿಗಳು ವಾತಾವರಣಕ್ಕೆ ಬಿಟ್ಟ ಆಮ್ಲಜನಕ. ಭೂಮಿಯ ಖನಿಜಗಳಲ್ಲಿ ಮೂರನೇ ಎರಡರಷ್ಟು ನೇರವಾಗಿಯೋ ಪರೋಕ್ಷವಾಗಿಯೋ ಜೀವದ ಫಲ ಎಂದು 2008ರ ಪ್ರಬಂಧ ಲೆಕ್ಕ ಹಾಕಿತು.

ಅತಿ ಹಳೆಯ ನೆಲ: ಗೊರೂರು, ಕಲ್ಯಾಡಿ, ನುಗ್ಗೇಹಳ್ಳಿ

ಬೇಲೂರು, ಹಳೇಬೀಡು, ಹಾಸನಗಳ ಸುತ್ತ ಹೊಲದ ಬದುವಿನಲ್ಲಿ, ಕೆರೆಯ ಕೋಡಿಯಲ್ಲಿ, ರಸ್ತೆ ಕಡಿದಲ್ಲಿ ತಲೆಯೆತ್ತುವ ಬೂದುಬಣ್ಣದ, ಬಿಳಿ-ಕಪ್ಪು ಪಟ್ಟೆಗಳ ಹಾಸುಬಂಡೆಗೆ ನೈಸ್ ಎಂದು ಹೆಸರು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು.ಎಫ್. ಸ್ಮೀತ್ ಇದನ್ನು 'ಪರ್ಯಾಯದ್ವೀಪದ ನೈಸ್' ಎಂದು ಕರೆದರು. ಚಪ್ಪಡಿಯಾಗಿ ಸೀಳಿ ಮನೆಯ ಜಗುಲಿಗೆ, ಬಾವಿಕಟ್ಟೆಗೆ, ತೋಟದ ಬೇಲಿಗೆ ಈ ಸೀಮೆಯವರು ಬಳಸುತ್ತ ಬಂದದ್ದು ಇದೇ ಕಲ್ಲನ್ನು. ಬೆಣಚು, ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಇದರ ಮುಖ್ಯ ಖನಿಜಗಳು. 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬೆಕಿನ್‌ಸೇಲ್, ಡ್ರೂರಿ, ಹೋಲ್ಟ್ ಎಂಬ ವಿಜ್ಞಾನಿಗಳು ಇಲ್ಲಿನ ನೈಸ್ ಶಿಲೆಯ ವಯಸ್ಸು ಸುಮಾರು 336 ಕೋಟಿ ವರ್ಷವೆಂದು ಪ್ರಕಟಿಸಿದರು. ಹೇಮಾವತಿ ದಂಡೆಯ ಗೊರೂರು ಕನ್ನಡ ಓದುಗರಿಗೆ ರಾಮಸ್ವಾಮಿ ಅಯ್ಯಂಗಾರರ ಊರು. ಭೂವಿಜ್ಞಾನಿಗಳಿಗೆ ಅದು ಭಾರತದ ಅತಿ ಹಳೆಯ ಶಿಲೆಗಳಲ್ಲೊಂದರ ಹೆಸರು. ಭೂಮಿ ಗ್ರಾನೈಟ್ ಜಾತಿಯ ಹಗುರ ಶಿಲೆಯಿಂದ ಖಂಡಗಳನ್ನು ಕಟ್ಟಿಕೊಳ್ಳುತ್ತಿದ್ದ ಹಂತ ಇಲ್ಲಿ ಬಂಡೆಯಾಗಿ ನಿಂತಿದೆ.

ನೈಸ್ ಹಾಸಿನ ನಡುವೆ, ಬಟ್ಟೆಗೆ ಹಾಕಿದ ತೇಪೆಗಳಂತೆ, ಹಸಿರುಗಪ್ಪು ಷಿಸ್ಟ್ ಶಿಲೆಯ ಉದ್ದ ಪಟ್ಟಿಗಳಿವೆ. ದಕ್ಷಿಣಕ್ಕೆ ಹೊಳೆನರಸೀಪುರದ ಪಟ್ಟಿ. ಪೂರ್ವಕ್ಕೆ ಕೆಂಪಿನಕೋಟೆಯ ಕಡೆಯಿಂದ ಅರಸೀಕೆರೆಯ ಕಡೆಗೆ ಸುಮಾರು 60 ಕಿಲೋಮೀಟರ್ ಸಾಗುವ, ಎರಡು ಕಿಲೋಮೀಟರಿಗಿಂತ ಅಗಲವಾಗದ ನುಗ್ಗೇಹಳ್ಳಿ ಪಟ್ಟಿ. ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯ ಪಟ್ಟಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ 1981ರಲ್ಲಿ ಹೊರತಂದ ಗ್ರಂಥದಲ್ಲಿ ಇಂಥ ಹಳೆಯ ಪಟ್ಟಿಗಳನ್ನು 'ಸರಗೂರು ಸಮೂಹ' ಎಂದು, ಅವುಗಳ ಮೇಲೆ ಕೂತ ಕಿರಿಯ ಶಿಲೆಗಳನ್ನು 'ಧಾರವಾಡ' ಎಂದು ಬೇರ್ಪಡಿಸಿದರು.

ಸರಗೂರು ಪಟ್ಟಿಗಳಲ್ಲಿ ಕೊಮಾಟಿಯೈಟ್ ಎಂಬ ಲಾವಾಶಿಲೆ ಇದೆ. ದಕ್ಷಿಣ ಆಫ್ರಿಕದ ಕೊಮಾಟಿ ನದಿಯಿಂದ ಬಂದ ಹೆಸರಿದು. ಇಂದಿನ ಜ್ವಾಲಾಮುಖಿಗಳ ಬಸಾಲ್ಟ್ ಲಾವಾ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಕೊಮಾಟಿಯೈಟ್ ಉಕ್ಕಿದ್ದು 1,600 ಡಿಗ್ರಿಯ ಹತ್ತಿರದ ಬಿಸಿಯಲ್ಲಿ. ಭೂಮಿಯ ಒಡಲು ಇಂದಿಗಿಂತ ಬಹಳ ಬಿಸಿಯಾಗಿದ್ದಾಗ ಮಾತ್ರ ಇಂಥ ಲಾವಾ ಸಾಧ್ಯವಿತ್ತು. ಎಂ. ಜಯಾನಂದ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಧಾರವಾಡದ ಕೊಮಾಟಿಯೈಟ್‌ಗಳಿಗೆ ಸುಮಾರು 335 ಕೋಟಿ ವರ್ಷದ ವಯಸ್ಸು ಕೊಟ್ಟಿತು. ಗೊರೂರಿನ ನೈಸ್ ಮತ್ತು ಈ ಲಾವಾ ಹೆಚ್ಚುಕಡಿಮೆ ಒಂದೇ ಕಾಲದವು. ಸಮುದ್ರದ ತಳದಲ್ಲಿ ಕುದಿಲಾವಾ ಹರಿಯುತ್ತಿದ್ದಾಗಲೇ ಖಂಡದ ಮೊದಲ ತುಣುಕುಗಳೂ ತಲೆಯೆತ್ತುತ್ತಿದ್ದವು.

ನುಗ್ಗೇಹಳ್ಳಿ ಪಟ್ಟಿಯ ಬೈರಾಪುರ, ತಗಡೂರು, ಜಂಬೂರುಗಳಲ್ಲಿ ಕ್ರೋಮೈಟ್ ಅದಿರಿದೆ. ಬಿಸಿ ಶಿಲಾಪಾಕ ತಣಿಯುವಾಗ ಕ್ರೋಮಿಯಂ ಮತ್ತು ಕಬ್ಬಿಣ ಸೇರಿ ಮೊದಲಿಗೇ ಹರಳುಗಟ್ಟಿ, ಭಾರಕ್ಕೆ ತಳಕ್ಕಿಳಿದು ಪದರಗಳಾಗಿ ಕೂತ ಅದಿರು ಇದು. ಜೊತೆಗೆ ಟೈಟೇನಿಯಂ, ವೆನೇಡಿಯಂ ಬೆರೆತ ಮ್ಯಾಗ್ನೆಟೈಟ್ ಕೂಡ ಇದೆ. ಒಂದೇ ಪಾಕದಿಂದ ಬೇರೆ ಬೇರೆ ಖನಿಜಗಳು ಒಂದೊಂದಾಗಿ ಬಿಟ್ಟುಹೋಗಿ, ಉಳಿದ ಪಾಕ ಪ್ರತಿಸಲ ಹೊಸ ರೂಪ ಪಡೆಯುವ ಈ ಕ್ರಿಯೆ ಜೀವಪೂರ್ವ ಗ್ರಹದಲ್ಲಿ ವೈವಿಧ್ಯ ಹುಟ್ಟುವ ಮುಖ್ಯ ಹಾದಿ.

ಆದಿಖನಿಜಗಳ ಪಟ್ಟಿಯಲ್ಲಿದ್ದ ಆಲಿವೀನ್ ಮತ್ತು ಕೊರಂಡಂ ಎರಡೂ ಹಾಸನ ಜಿಲ್ಲೆಯಲ್ಲಿವೆ. ನುಗ್ಗೇಹಳ್ಳಿಯ ಡ್ಯುನೈಟ್ ಶಿಲೆಯಲ್ಲಿ ಆಲಿವೀನಿನ ಉಳಿಕೆಗಳು ಸಿಗುತ್ತವೆ. ಹೊಳೆನರಸೀಪುರದ ಪಟ್ಟಿಯಲ್ಲಿ ಕಯನೈಟ್, ಸ್ಟಾರೊಲೈಟ್, ಗಾರ್ನೆಟ್‌ಗಳ ಜೊತೆ ಕೊರಂಡಂ ಇದೆ. ಆದರೆ ಇಲ್ಲಿನ ಕೊರಂಡಂ ನಕ್ಷತ್ರದ ದೂಳಿನಲ್ಲಿ ಮೂಡಿದ್ದಲ್ಲ. ನೀರಿಗೆ ನೆನೆದು ಕೊಳೆತ ಹಳೆಯ ಶಿಲೆಯಿಂದಾದ ಅಲ್ಯುಮಿನಿಯಂ ಹೆಚ್ಚಿನ ಕೆಸರು ಭೂಗರ್ಭಕ್ಕಿಳಿದು, ಶಾಖ ಮತ್ತು ಒತ್ತಡಕ್ಕೆ ಬೆಂದು ಈ ಹರಳುಗಳಾಯಿತು. ಸೂತ್ರ ಒಂದೇ, ಹುಟ್ಟಿನ ದಾರಿ ಬೇರೆ. 2022ರಲ್ಲಿ ಹೇಜನ್ ಮತ್ತು ಶೌನಾ ಮಾರಿಸನ್ ಖನಿಜಗಳನ್ನು ಹುಟ್ಟಿನ ದಾರಿಯ ಮೇಲೂ ಎಣಿಸಬೇಕೆಂದು ವಾದಿಸಿ, 57 ದಾರಿಗಳನ್ನು ಗುರುತಿಸಿ, 10,500ಕ್ಕೂ ಹೆಚ್ಚು 'ಖನಿಜ ಬಗೆ'ಗಳನ್ನು ಪಟ್ಟಿ ಮಾಡಿದರು. ಖನಿಜ ಜಾತಿಗಳಲ್ಲಿ ಶೇಕಡ 80ಕ್ಕೂ ಹೆಚ್ಚು ಹುಟ್ಟಲು ನೀರು ನೆರವಾಗಿದೆ ಎಂಬುದು ಆ ಅಧ್ಯಯನದ ಮುಖ್ಯ ತೀರ್ಮಾನ.

ಬಳಪದ ಕಲ್ಲು: ನೀರು ಬರೆದ ಅಧ್ಯಾಯ

ಆ ತೀರ್ಮಾನಕ್ಕೆ ಬೇಲೂರು, ಹಳೇಬೀಡುಗಳಿಗಿಂತ ಹತ್ತಿರದ ಉದಾಹರಣೆ ಕನ್ನಡಿಗರಿಗೆ ಬೇಕಿಲ್ಲ. ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯ, 1121ರ ಸುಮಾರಿಗೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ, ಅವನ ಕಾಲದ ಬಳಿಕ 1220ರಲ್ಲಿ ಅರಸೀಕೆರೆಯ ಶಿವಾಲಯ ರೂಪುಗೊಂಡದ್ದು ಬಳಪದ ಕಲ್ಲಿನಲ್ಲಿ. ಟಾಲ್ಕ್ ಮತ್ತು ಕ್ಲೋರೈಟ್ ಎಂಬ ಎರಡು ಮೆದು ಖನಿಜಗಳು ಈ ಕಲ್ಲಿನ ಜೀವಾಳ. ಟಾಲ್ಕ್‌ನ ಗಡಸುತನ ಮೋಸ್ ಮಾಪಕದಲ್ಲಿ 1, ಎಲ್ಲಕ್ಕಿಂತ ಕೆಳಗಿನದು. ಇದರ ಹರಳು ತೆಳು ಹಾಳೆಗಳ ಅಡುಕು. ಹಾಳೆಯೊಳಗಿನ ಬಂಧ ಗಟ್ಟಿ, ಹಾಳೆಹಾಳೆಗಳ ನಡುವಿನ ಹಿಡಿತ ದುರ್ಬಲ. ಉಗುರಿನಿಂದ ಗೀರಬಹುದಾದ, ಸ್ಲೇಟಿನ ಮೇಲೆ ಬಿಳಿಗೆರೆ ಬಿಡುವ ಗುಣ ಬಂದದ್ದು ಈ ರಚನೆಯಿಂದ. ಮಕ್ಕಳ ಕೈಯ ಬಳಪವೂ ಮದನಿಕೆಯ ಒಡವೆಯೂ ಒಂದೇ ಖನಿಜದ ಉಪಕಾರ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ತೆರೆದ ಮೇಲೆ ಬಿಗಿಗೊಳ್ಳುತ್ತದೆ ಎಂಬುದು ಈ ಕಲ್ಲಿನ ಬಗ್ಗೆ ಹಿಂದಿನಿಂದ ಬಂದ ಮಾತು. ತಿರುಗಣೆಯಲ್ಲಿ ಕಡೆದಂತಿರುವ ನುಣುಪು ಕಂಬಗಳು, ಹಾರದ ಮಣಿಮಣಿಯನ್ನೂ ಬಿಡಿಸಿ ತೋರುವ ಕೆತ್ತನೆ ಬೆಣಚು ತುಂಬಿದ ನೈಸ್ ಕಲ್ಲಿನಲ್ಲಿ ಇಷ್ಟು ಸುಲಭವಾಗಿ ಬರಲಾರದು.

ಈ ಕಲ್ಲು ಹುಟ್ಟುವ ಬಗೆ ಹೀಗೆ. ಕೊಮಾಟಿಯೈಟ್, ಡ್ಯುನೈಟ್‌ಗಳಂಥ ಮೆಗ್ನೀಸಿಯಂ ಹೇರಳವಾಗಿರುವ ಶಿಲೆಗಳಲ್ಲಿ ಮೊದಲಿಗಿದ್ದದ್ದು ಆಲಿವೀನ್, ಪೈರಾಕ್ಸೀನ್‌ಗಳು. ಇವು ಬಿಸಿ ಪಾಕದಲ್ಲಿ ಹುಟ್ಟಿದವು, ನೀರಿನ ಸಂಗ ಅರಿಯದವು. ಸಾಗರದ ನೀರು ಬಿರುಕುಗಳಲ್ಲಿಳಿದು ಇವನ್ನು ಮುಟ್ಟಿದಾಗ ಆಲಿವೀನ್ ನೀರನ್ನು ಒಳಗೆಳೆದುಕೊಂಡು ಸರ್ಪೆಂಟೈನ್ ಆಗುತ್ತದೆ. ಹಾವಿನ ಚರ್ಮದಂಥ ಹಸಿರು ಮಚ್ಚೆಗಳಿಂದ ಬಂದ ಹೆಸರು ಇದು. ಆಲಿವೀನಿನಲ್ಲಿದ್ದ ಕಬ್ಬಿಣ ನೀರಿನ ಆಮ್ಲಜನಕವನ್ನು ಕಸಿದುಕೊಂಡು ಮ್ಯಾಗ್ನೆಟೈಟ್ ಆಗುತ್ತದೆ. ನೀರಿನ ಹೈಡ್ರೋಜನ್ ಬಿಡುಗಡೆಯಾಗಿ ಹೊರಬರುತ್ತದೆ. ಮುಂದೆ ಇಂಗಾಲದ ಡೈಆಕ್ಸೈಡ್ ಕರಗಿದ ದ್ರವ ಹರಿದರೆ ಸರ್ಪೆಂಟೈನ್ ಒಡೆದು ಟಾಲ್ಕ್ ಮತ್ತು ಮ್ಯಾಗ್ನೆಸೈಟ್ ಆಗುತ್ತವೆ. ಅಲ್ಯುಮಿನಿಯಂ ಇದ್ದಲ್ಲಿ ಕ್ಲೋರೈಟ್ ಬೆಳೆಯುತ್ತದೆ. ಮೈಸೂರು ಬಳಿಯ ದೊಡ್ಡಕಾನ್ಯದಲ್ಲಿ ಮ್ಯಾಗ್ನೆಸೈಟ್ ಗಣಿಗಾರಿಕೆ ನಡೆದದ್ದು ಇದೇ ವಂಶದ ಶಿಲೆಗಳಲ್ಲಿ.

ಬಿಡುಗಡೆಯಾದ ಹೈಡ್ರೋಜನ್ ಜೀವದ ಕಥೆಗೆ ಬಾಗಿಲು. 2000ದಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ 'ಲಾಸ್ಟ್ ಸಿಟಿ' ಎಂಬ ಬಿಸಿನೀರ ಬುಗ್ಗೆಗಳ ಸಮೂಹ ಪತ್ತೆಯಾಯಿತು. ಅಲ್ಲಿ ಸರ್ಪೆಂಟೈನ್ ಹುಟ್ಟುವ ಕ್ರಿಯೆ ಈಗಲೂ ನಡೆಯುತ್ತಿದೆ. ಹೊರಬರುವ ಹೈಡ್ರೋಜನ್ ಮತ್ತು ಮೀಥೇನನ್ನು ತಿಂದು ಬೆಳಕಿಲ್ಲದ ಆಳದಲ್ಲಿ ಸೂಕ್ಷ್ಮಜೀವಿಗಳು ಬದುಕುತ್ತಿವೆ. ಜೀವ ಮೊದಲು ಚಿಗುರಿದ್ದು ಇಂಥ ಬುಗ್ಗೆಗಳಲ್ಲಿರಬಹುದು ಎಂದು ಹಲವು ವಿಜ್ಞಾನಿಗಳು ನಂಬುತ್ತಾರೆ. ಇತರ ಖನಿಜಗಳಿಗೂ ಇದೇ ಕಥೆಯಲ್ಲಿ ಪಾತ್ರವಿದೆ. ಜೇಡಿಮಣ್ಣಿನ ಮೈ ಅಣುಗಳನ್ನು ಹಿಡಿದು ಜೋಡಿಸಿರಬಹುದೆಂದು 1951ರಲ್ಲಿ ಜೆ.ಡಿ. ಬರ್ನಾಲ್ ಸೂಚಿಸಿದರು, ಕಬ್ಬಿಣ ಮತ್ತು ಗಂಧಕದ ಖನಿಜಗಳ ಮೇಲೆ ಮೊದಲ ಜೈವಿಕ ರಾಸಾಯನಿಕ ಚಕ್ರ ತಿರುಗಿರಬಹುದೆಂದು 1988ರಲ್ಲಿ ಗುಂಟರ್ ವೆಕ್ಟರ್ಸ್‌ಹೌಸರ್ ಮಂಡಿಸಿದರು. ಇವುಗಳಲ್ಲಿ ಯಾವುದೂ ಇನ್ನೂ ಸಿದ್ಧಾಂತವಾಗಿ ಸ್ಥಿರಪಟ್ಟಿಲ್ಲ. ಖನಿಜಗಳ ನೆರವಿಲ್ಲದೆ ಜೀವ ಹುಟ್ಟಿತೆಂದು ಹೇಳುವವರು ಮಾತ್ರ ವಿರಳ. ಹಾಗಾಗಿ ಬಳಪದ ಕಲ್ಲಿನ ವಂಶವೃತ್ತಾಂತದಲ್ಲಿ ನೀರು ಮತ್ತು ಬೆಂಕಿಯ ಶಿಲೆ ಎದುರಾದ ಗುರುತಿದೆ; ಅದೇ ಎದುರುಗೊಳ್ಳುವಿಕೆ ಜೀವಕ್ಕೆ ಬೇಕಾದ ಮೊದಲ ತುತ್ತನ್ನೂ ಒದಗಿಸಿರಬಹುದು.

ಆಮ್ಲಜನಕವಿಲ್ಲದ ನದಿ, ತುಕ್ಕು ಹಿಡಿದ ಸಮುದ್ರ

ಬೇಲೂರಿನಿಂದ ವಾಯವ್ಯಕ್ಕೆ ನೋಡಿದರೆ ಬಾನಿನಂಚಿನಲ್ಲಿ ಬಾಬಾಬುಡನ್ ಬೆಟ್ಟಸಾಲು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಈ ಸಾಲಿನದು. ಸುಮಾರು 290ರಿಂದ 270 ಕೋಟಿ ವರ್ಷಗಳ ಹಿಂದೆ, ಗೊರೂರಿನ ನೈಸ್ ಆಗಲೇ ಹಳೆಯ ನೆಲವಾಗಿದ್ದಾಗ, ಅದರ ಮೇಲೆ ಹರಿದ ನದಿಗಳ ಮರಳು, ಉಕ್ಕಿದ ಲಾವಾ, ಸಮುದ್ರದ ಕೆಸರು ಪದರಪದರವಾಗಿ ಕೂತು ಈ ಬೆಟ್ಟಗಳ ಶಿಲೆಯಾದವು.

ತಳದ ಪದರಕ್ಕೆ ಚಿಕ್ಕಮಗಳೂರು ಸೀಮೆಯ ಕಳಸಾಪುರದ ಹೆಸರಿದೆ. ಅಲ್ಲಿನ ಬೆಣಚು ಉಂಡೆಗಲ್ಲುಗಳ ಶಿಲೆಯಲ್ಲಿ, ನದಿ ಉರುಳಿಸಿ ತಂದ ಪೈರೈಟ್ ಮತ್ತು ಯುರೇನಿನೈಟ್ ಕಣಗಳಿವೆ. ಇಂದಿನ ಯಗಚಿಯಲ್ಲೋ ಹೇಮಾವತಿಯಲ್ಲೋ ಇಂಥ ಕಣಗಳು ಬಹುದೂರ ಸಾಗಲಾರವು. ಗಾಳಿಯ ಆಮ್ಲಜನಕ ತಾಗಿ ಪೈರೈಟ್ ತುಕ್ಕಾಗುತ್ತದೆ, ಯುರೇನಿನೈಟ್ ನೀರಲ್ಲಿ ಕರಗಿಹೋಗುತ್ತದೆ. ಅವು ಕರಗದೆ ಮರಳಿನ ಜೊತೆ ಉರುಳಿ ಕೂತವೆಂದರೆ ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಅರ್ಥ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ಶಿಲೆಗಳೂ ಇದೇ ಸಾಕ್ಷಿ ನುಡಿಯುತ್ತವೆ.

ಬೆಟ್ಟದ ಮೇಲ್ಪದರಗಳಲ್ಲಿ ದೃಶ್ಯ ಬದಲಾಗುತ್ತದೆ. ಅಲ್ಲಿರುವುದು ಪಟ್ಟೆಪಟ್ಟೆಯ ಕಬ್ಬಿಣ ಶಿಲೆ: ಒಂದು ಪಟ್ಟೆ ಮ್ಯಾಗ್ನೆಟೈಟ್ ಅಥವಾ ಹೆಮಟೈಟ್, ಮುಂದಿನದು ಸಿಲಿಕ, ಮತ್ತೆ ಕಬ್ಬಿಣ. ಕೆಮ್ಮಣ್ಣುಗುಂಡಿಯ ಹೆಸರಲ್ಲೇ ಈ ಕಬ್ಬಿಣದ ಬಣ್ಣವಿದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೋಡಿದ್ದೂ ಇಂಥ ಶಿಲೆಯನ್ನು. ಆಮ್ಲಜನಕವಿಲ್ಲದ ಸಮುದ್ರದಲ್ಲಿ ಕಬ್ಬಿಣ ಉಪ್ಪಿನಂತೆ ಕರಗಿರುತ್ತದೆ. ಅದು ತಳಕ್ಕೆ ಕೂರಬೇಕಾದರೆ ಏನಾದರೂ ಅದನ್ನು ಉತ್ಕರ್ಷಿಸಬೇಕು. ಬೆಳಕಿನಿಂದ ಆಹಾರ ತಯಾರಿಸಿ ಆಮ್ಲಜನಕ ಬಿಡುವ ಬ್ಯಾಕ್ಟೀರಿಯಾ ಕಡಲಿನ ಕೆಲವೆಡೆ ಆ ಕೆಲಸ ಮಾಡಿರಬಹುದು, ಅಥವಾ ಆಮ್ಲಜನಕವನ್ನೇ ಬಿಡದೆ ಬೆಳಕು ಮತ್ತು ಕಬ್ಬಿಣದಿಂದ ಬದುಕುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಮಾಡಿರಬಹುದು. ಎರಡೂ ದಾರಿಯಲ್ಲಿ ಕೊನೆಗೆ ಸಿಗುವುದು ಜೀವವೇ. ಈ ಶಿಲೆಯ ಒಂದು ನೀಲಿ ಖನಿಜಕ್ಕೆ ಸ್ಮೀತ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ 'ಬಾಬಾಬುಡನೈಟ್' ಎಂದು ಹೆಸರಿಟ್ಟರು. ಮುಂದೆ ಅದನ್ನು ಮೆಗ್ನೀಸಿಯೊ-ರೀಬೆಕೈಟ್‌ನ ಒಂದು ಬಗೆ ಎಂದು ಸೇರಿಸಲಾಯಿತು. ಹೆಸರು ಮಾತ್ರ ಬೆಟ್ಟದ ನೆನಪಾಗಿ ಉಳಿದಿದೆ.

ಜೀವ ನೇರವಾಗಿ ಕಟ್ಟಿದ ಶಿಲೆಯೂ ದೂರವಿಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಸುತ್ತಲ ಸುಣ್ಣಶಿಲೆಗಳಲ್ಲಿ ಸ್ಟ್ರೊಮಟೊಲೈಟ್‌ಗಳಿವೆ. ಕಡಲಂಚಿನ ಆಳವಿಲ್ಲದ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಲೋಳೆಹಾಸು ದೂಳನ್ನು ಹಿಡಿದು, ಸುಣ್ಣವನ್ನು ಕೂರಿಸಿ, ಅದರ ಮೇಲೆ ಮತ್ತೆ ಹಾಸಾಗಿ ಬೆಳೆದು ಕಟ್ಟಿದ ಗುಮ್ಮಟಗಳಿವು. ಧಾರವಾಡ ಶಿಲೆಗಳ ಕಾಲ ಜೀವವಿಲ್ಲದ ಕಾಲವೆಂಬ ಹಳೆಯ ಎಣಿಕೆಯನ್ನು ಇಂಥ ಶೋಧಗಳು ಅಳಿಸಿದವು. ಚಿಕ್ಕನಾಯಕನಹಳ್ಳಿ ಸೀಮೆಯ ಮ್ಯಾಂಗನೀಸ್ ಅದಿರೂ ಇದೇ ಶಿಲಾಸಮೂಹದ್ದು. ಮ್ಯಾಂಗನೀಸನ್ನು ಉತ್ಕರ್ಷಿಸಲು ಕಬ್ಬಿಣಕ್ಕಿಂತ ಬಲವಾದ ಉತ್ಕರ್ಷಕ ಬೇಕು ಎಂಬ ಕಾರಣಕ್ಕೆ ಆಮ್ಲಜನಕದ ಇತಿಹಾಸ ಬರೆಯುವವರಿಗೆ ಅದು ಮುಖ್ಯ.

ಸುಮಾರು 240ರಿಂದ 230 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ವಾತಾವರಣದಲ್ಲೇ ನೆಲೆಯಾಯಿತು. ಖನಿಜಗಳ ಸಂಖ್ಯೆ 4,000 ದಾಟಿದ್ದು ಈ ಮಹಾ ಉತ್ಕರ್ಷಣದ ಬಳಿಕ. ತಾಮ್ರವನ್ನೇ ನೋಡಬಹುದು. ಕಲ್ಯಾಡಿಯಲ್ಲಿ ತಾಮ್ರದ ಅದಿರಿದೆ. ಭೂಗರ್ಭದಲ್ಲಿ ಹುಟ್ಟುವ ಮೂಲ ಅದಿರು ತಾಮ್ರ, ಕಬ್ಬಿಣ, ಗಂಧಕ ಸೇರಿದ ಚಾಲ್ಕೊಪೈರೈಟ್; ಅದಕ್ಕೆ ಆಮ್ಲಜನಕ ಬೇಕಿಲ್ಲ. ಅದೇ ಅದಿರು ನೆಲದ ಮೇಲೆ ಗಾಳಿ, ಮಳೆಗೆ ತೆರೆದಾಗ ಹಸಿರು ಮ್ಯಾಲಕೈಟ್, ನೀಲಿ ಅಜುರೈಟ್ ಮೊದಲಾದ ಹೊಸ ಖನಿಜಗಳು ಮೂಡುತ್ತವೆ. ತಾಮ್ರದ ನೂರಾರು ಖನಿಜಗಳಲ್ಲಿ ಬಹುಪಾಲು ಆಮ್ಲಜನಕವಿಲ್ಲದ ಭೂಮಿಯಲ್ಲಿ ಹುಟ್ಟಲಾರದವು. ಯುರೇನಿಯಂ, ಕಬ್ಬಿಣ, ಮ್ಯಾಂಗನೀಸ್, ನಿಕ್ಕಲ್‌ಗಳ ಕಥೆಯೂ ಇದೇ.

ಗ್ರಾನೈಟ್ ಮತ್ತು ವಿರಳ ಧಾತುಗಳು

ಸುಮಾರು 260 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಧಾರವಾಡದ ಆಳದಲ್ಲಿ ಹಳೆಯ ನೈಸ್ ಮತ್ತೆ ಕರಗಿ ಪೊಟ್ಯಾಸಿಯಂ ಹೆಚ್ಚಿನ ಗ್ರಾನೈಟ್ ಮೇಲೆದ್ದು ಬಂತು. ಅರಸೀಕೆರೆ-ಬಾಣಾವರದ ಗ್ರಾನೈಟ್ ಮತ್ತು ಚಿತ್ರದುರ್ಗದ ಗ್ರಾನೈಟ್ ಈ ಕಾಲದವು. ಹರಳಿನೊಳಗೆ ಜಾಗ ಸಿಗದ ಲಿಥಿಯಂ, ಬೆರಿಲಿಯಂ, ನಯೋಬಿಯಂನಂಥ ಧಾತುಗಳು ಗ್ರಾನೈಟ್ ಪಾಕದ ಕೊನೆಯ ಹನಿಗಳಲ್ಲಿ ಒಟ್ಟುಗೂಡಿ, ಪೆಗ್ಮಟೈಟ್ ಎಂಬ ದೊಡ್ಡ ಹರಳಿನ ಶಿಲೆಯಲ್ಲಿ ತಮ್ಮದೇ ಖನಿಜಗಳನ್ನು ಕಟ್ಟುತ್ತವೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಖನಿಜ ಸ್ಪಾಡ್ಯುಮೀನ್ ಸಿಕ್ಕಿದ್ದು ಪೆಗ್ಮಟೈಟಿನಲ್ಲಿ. ಶಿಲೆ ಹಲವು ಬಾರಿ ಕರಗಿ ಸೋಸಿ ಬರದ ಗ್ರಹದಲ್ಲಿ ಈ ವಿರಳ ಖನಿಜಗಳಿಗೆ ಎಡೆಯಿಲ್ಲ.

ಇತರ ಗ್ರಹಗಳು

ಹೇಜನ್ ಪ್ರಬಂಧ ಅಚ್ಚಾದ 2008ರಲ್ಲೇ, ಅಕ್ಟೋಬರ್ 22ರಂದು, ಇಸ್ರೊ ಚಂದ್ರಯಾನ-1ನ್ನು ಹಾರಿಸಿತು. ಅದರಲ್ಲಿದ್ದ ಖನಿಜ ಮಾಪಕ ಚಂದ್ರನ ಮೈಮೇಲೆ ನೀರು ಮತ್ತು ಹೈಡ್ರಾಕ್ಸಿಲ್‌ನ ಗುರುತುಗಳನ್ನು ಕಂಡಿತು. ಅದೇ ಮಾಹಿತಿಯಿಂದ 2020ರಲ್ಲಿ ಧ್ರುವಗಳ ಬಳಿ ಹೆಮಟೈಟ್ ಇದೆಯೆಂದೂ ವರದಿಯಾಯಿತು. ಗಾಳಿಯಿಲ್ಲದ ಚಂದ್ರನಲ್ಲಿ ಕಬ್ಬಿಣ ತುಕ್ಕುಹಿಡಿಯಲು ಭೂಮಿಯಿಂದ ಸೋರಿಬರುವ ಆಮ್ಲಜನಕ ಕಾರಣವಿರಬಹುದು ಎಂದು ಸಂಶೋಧಕರು ಊಹಿಸಿದರು. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ದಕ್ಷಿಣ ಧ್ರುವದ ಕಡೆಯ ಮಣ್ಣಿನಲ್ಲಿ ಗಂಧಕವನ್ನು ಪತ್ತೆಮಾಡಿತು. ಚಂದ್ರ ಒಮ್ಮೆ ಶಿಲಾಪಾಕದ ಸಾಗರವಾಗಿತ್ತೆಂಬ ವಾದಕ್ಕೆ ಅದರ ಅಳತೆಗಳು ಬಲ ಕೊಟ್ಟವು. ಆ ಸಾಗರ ತಣಿದ ಬಳಿಕ ಚಂದ್ರನ ಖನಿಜ ಕಥೆ ಹೆಚ್ಚು ಮುಂದೆ ಸಾಗಲಿಲ್ಲ.

ಮಂಗಳದಲ್ಲಿ ನೀರು ಹರಿದದ್ದರಿಂದ ಜೇಡಿಮಣ್ಣು, ಸಲ್ಫೇಟ್, ಹೆಮಟೈಟ್ ಉಂಡೆಗಳು ಹುಟ್ಟಿದವು. 2004ರಲ್ಲಿ ಆಪರ್ಚುನಿಟಿ ರೋವರ್ ಅಲ್ಲಿ ಕಂಡ ಜಾರೊಸೈಟ್ ಗುಜರಾತಿನ ಕಛ್‌ನ ಮಾತಾನೊ ಮಢದಲ್ಲೂ ಇದ್ದು, ಮಂಗಳವನ್ನು ಅರಿಯಲು ಭಾರತೀಯ ವಿಜ್ಞಾನಿಗಳಿಗೆ ಅದು ಪಾಠದ ನೆಲವಾಗಿದೆ. ಫಲಕ ಚಲನೆ ಮತ್ತು ಸ್ಥಿರವಾದ ಆಮ್ಲಜನಕ ಎರಡೂ ಮಂಗಳಕ್ಕೆ ದಕ್ಕದ್ದರಿಂದ ಅದು ಸುಮಾರು 500ರ ಮಟ್ಟದಲ್ಲಿ ನಿಂತಿರಬೇಕೆಂಬುದು ಹೇಜನ್ ತಂಡದ ಎಣಿಕೆ. ದೂರದ ಗ್ರಹದಲ್ಲಿ ಜೀವ ಹುಡುಕುವವರಿಗೆ ಇದರಿಂದ ಒಂದು ಸುಳಿವು ಸಿಗುತ್ತದೆ: ಉತ್ಕರ್ಷಿತ ಖನಿಜಗಳ ದೊಡ್ಡ ವೈವಿಧ್ಯ ಕಂಡಲ್ಲಿ ಜೀವವನ್ನು ಶಂಕಿಸಬಹುದು.

ವಿಕಾಸ ಎಂಬ ಪದದ ಚರ್ಚೆ

ಖನಿಜಕ್ಕೆ ಸಂತಾನವಿಲ್ಲ, ಆನುವಂಶಿಕತೆಯಿಲ್ಲ. ಹಾಗಿರುವಾಗ ಡಾರ್ವಿನ್ ಅರ್ಥದ ವಿಕಾಸ ಇಲ್ಲಿಲ್ಲ. ಹೇಜನ್ ತಂಡವೂ ಕಾಲಕ್ರಮದ ಬದಲಾವಣೆ ಎಂಬ ಅರ್ಥದಲ್ಲೇ ಪದವನ್ನು ಬಳಸಿತು. 2023ರಲ್ಲಿ ಮೈಕೆಲ್ ವಾಂಗ್, ಹೇಜನ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಹಲವು ಘಟಕಗಳಿದ್ದು, ಅವು ನಾನಾ ಜೋಡಣೆಗಳನ್ನು ಪಡೆಯುತ್ತ, ಆ ಜೋಡಣೆಗಳಲ್ಲಿ ಕೆಲವು ಮಾತ್ರ ಯಾವುದೋ ಕಾರ್ಯಕ್ಕಾಗಿ ಆಯ್ಕೆಗೊಂಡು ಉಳಿಯುವ ವ್ಯವಸ್ಥೆ ಯಾವುದಾದರೂ ಸರಿ, ನಕ್ಷತ್ರವೋ ಖನಿಜವೋ ಜೀವಿಯೋ, ಅದರ ಕಾರ್ಯರೂಪಿ ಮಾಹಿತಿ ಕಾಲಕ್ರಮದಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನು ಪ್ರಸ್ತಾಪಿಸಿದರು. ಖನಿಜಕ್ಕೆ 'ಕಾರ್ಯ' ಎಂದರೇನು, ಅದನ್ನು ಅಳೆಯುವುದು ಹೇಗೆ ಎಂಬುದು ಈ ನಿಯಮದ ಮುಂದಿರುವ ಆಕ್ಷೇಪ. ನಿಯಮ ನಿಂತರೂ ಬಿದ್ದರೂ, ಖನಿಜಗಳ ವೈವಿಧ್ಯ ಕಾಲದೊಂದಿಗೆ ಏರಿದೆ ಎಂಬ ಶಿಲಾಸಾಕ್ಷ್ಯ ನಿಲ್ಲುತ್ತದೆ.

ಇಂದಿಗೂ ನಡೆಯುತ್ತಿರುವ ಬದಲಾವಣೆ

ಈ ಪ್ರಕ್ರಿಯೆ ಮುಗಿದಿಲ್ಲ. ಅರಸೀಕೆರೆಯ ತೆಂಗಿನ ತೋಟದಲ್ಲಿ ಬೇರು ಮತ್ತು ಸೂಕ್ಷ್ಮಜೀವಿಗಳು ಸೂಸುವ ಆಮ್ಲಕ್ಕೆ ನೈಸಿನ ಫೆಲ್ಡ್‌ಸ್ಪಾರ್ ಜೇಡಿಮಣ್ಣಾಗುತ್ತಿದೆ. ಅಭ್ರಕದ ಕಬ್ಬಿಣ ಕೆಮ್ಮಣ್ಣಿನ ಬಣ್ಣವಾಗುತ್ತಿದೆ. ಬಂಡೆಯ ಮೇಲಿನ ಕಲ್ಲುಹೂವು ಆಕ್ಸಾಲಿಕ್ ಆಮ್ಲ ಸ್ರವಿಸಿ ಕಲ್ಲಿನ ಲೋಹಗಳೊಡನೆ ಆಕ್ಸಲೇಟ್ ಖನಿಜಗಳನ್ನು ಕಟ್ಟುತ್ತದೆ. ಸ್ಕಾಟ್ಲೆಂಡಿನ ಸರ್ಪೆಂಟೈನ್ ಶಿಲೆಯ ಮೇಲೆ ಕಲ್ಲುಹೂವಿನ ಅಡಿ ಗ್ಲುಶಿನ್‌ಸ್ಕೈಟ್ ಎಂಬ ಮೆಗ್ನೀಸಿಯಂ ಆಕ್ಸಲೇಟ್ ಬೆಳೆದದ್ದು 1980ರಲ್ಲಿ ದಾಖಲಾಯಿತು. ಗೋಡೆಗಳ ಮೇಲಿನ ಕಲ್ಲುಹೂವನ್ನು ದೇಗುಲ ಸಂರಕ್ಷಕರು ಗಂಭೀರವಾಗಿ ನೋಡುವುದು ಈ ಕಾರಣಕ್ಕೂ ಹೌದು. ನಮ್ಮ ಎಲುಬು, ಹಲ್ಲುಗಳ ಅಪಟೈಟ್, ಕೆರೆಯ ಬಸವನಹುಳುವಿನ ಚಿಪ್ಪಿನ ಸುಣ್ಣ ಇವೂ ಜೀವ ಕಟ್ಟಿದ ಖನಿಜಗಳೇ. ಮನುಷ್ಯನ ಪಾಲೂ ಸೇರಿದೆ: ಗಣಿಯ ಗೋಡೆ, ಅದಿರಿನ ಕಸದ ರಾಶಿಯಂಥ ಕಡೆಗಳಲ್ಲಿ ಮನುಷ್ಯ ಚಟುವಟಿಕೆಯಿಂದಲೇ ಮುಖ್ಯವಾಗಿ ಹುಟ್ಟಿದ 208 ಖನಿಜಗಳನ್ನು 2017ರ ಅಧ್ಯಯನವೊಂದು ಪಟ್ಟಿ ಮಾಡಿತು.

ಅಧ್ಯಯನ ಮತ್ತು ಸಂರಕ್ಷಣೆ

ಈ ನೆಲವನ್ನು ಓದುವ ಕೆಲಸ ಮೊದಲಾದದ್ದು ಧಾರವಾಡ ಶಿಲೆಗಳಿಗೆ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್ ಅವರಿಂದ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಹೊಣೆ ಹೊತ್ತವರೂ ಅವರೇ. ಮುಂದೆ ಸ್ಮೀತ್, ಬಿ. ರಾಮರಾವ್, ಸಿ.ಎಸ್. ಪಿಚ್ಚಮುತ್ತು, ಬಿ.ಪಿ. ರಾಧಾಕೃಷ್ಣ ಆ ಕೆಲಸವನ್ನು ಬೆಳೆಸಿದರು. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ದಶಕಗಳ ಕಾಲ ನಡೆಸಿದ ರಾಧಾಕೃಷ್ಣ ಅವರ ಶ್ರಮದಿಂದ ಧಾರವಾಡ ಶಿಲೆಗಳು ಜಗತ್ತಿನ ಭೂವಿಜ್ಞಾನದ ಮುಖ್ಯ ಪಾಠಗಳಲ್ಲಿ ಸೇರಿದವು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂಬತ್ತು ನೂರು ವರ್ಷದ ಕೆತ್ತನೆಗೆ ಸಿಕ್ಕ ಆ ಗೌರವ ನ್ಯಾಯವಾದದ್ದು. ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಾದ ಶಿಲಾತಾಣಗಳೂ ಇವೆ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಜಿಲ್ಲೆ ಮರಡಿಹಳ್ಳಿಯ ದಿಂಬುಲಾವಾ, ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು, ಕೋಲಾರ ಚಿನ್ನದ ಸೀಮೆಯ ಪೆದ್ದಪಲ್ಲಿ. ಗೊರೂರಿನ ನೈಸ್, ಕಲ್ಯಾಡಿಯ ಕೊಮಾಟಿಯೈಟ್, ಕಳಸಾಪುರದ ಉಂಡೆಗಲ್ಲಿನ ಶಿಲೆ ಇವುಗಳ ಸಾಲಿಗೆ ನಿಲ್ಲುವಷ್ಟೇ ಬೆಲೆಯುಳ್ಳವು. ರಸ್ತೆಗೆ ಜಲ್ಲಿಯಾಗಿ ಒಡೆದ ಬಂಡೆಯನ್ನು ಯಾವ ಶಿಲ್ಪಿಯೂ ಮತ್ತೆ ಕಟ್ಟಿಕೊಡಲಾರ. ಈ ತಾಣಗಳಲ್ಲಿ ಒಂದೊಂದರಲ್ಲೂ ಒಂದು ಎಕರೆಯಷ್ಟಕ್ಕಾದರೂ ಬೇಲಿ ಹಾಕಿ, ಕನ್ನಡದಲ್ಲಿ ಒಂದು ಫಲಕ ನಿಲ್ಲಿಸಿ, ಸುತ್ತಲ ಶಾಲೆಯ ಮಕ್ಕಳನ್ನು ಕರೆತಂದು ತೋರಿಸುವ ಕೆಲಸ ಜಿಲ್ಲೆಯ ಜನ ಮತ್ತು ಸರಕಾರ ಸೇರಿ ಮಾಡಬೇಕಾದದ್ದು.